ನೀರಿನ ಮಟ್ಟದ ಕೆಳಗೆ ದುಡಿಯುವವರು

(ಈಸೂರಿನಲ್ಲಿ ಸೇರಿದ್ದ ಯುವಕರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಹಡಗಿನ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನಮ್ಮನ್ನು ಕರೆದಿರಿ. ಸಂತೋಷದಿಂದ ಒಪ್ಪಿಕೊಂಡೆವು. ಒಪ್ಪಿಕೊಂಡ ಮೇಲೆ ಅಳುಕೂ ಆಯಿತು. ಈಸೂರು ಎಂದರೆ ನಾಡಿಗೆಲ್ಲ ನೆನಪಾಗುವುದು 1942ನೇ ಇಸವಿ. ಅಂಥ ಊರಿನಲ್ಲಿ ನಿಂತು ಸ್ಪ್ಯಾನರು, ಬೋಲ್ಟು, ಎಣ್ಣೆ, ಮಸಿಯ ಮಾತನಾಡುವುದು ಸರಿಯೇ ಎಂದು ನಮ್ಮನ್ನು ನಾವೇ ಕೇಳಿಕೊಂಡೆವು. ಯೋಚಿಸಿದಷ್ಟೂ ಸರಿ ಎನಿಸಿತು. ಏಕೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇವೆ.

ಸಮುದ್ರ ಕಾಣದ ತಾಲ್ಲೂಕಿನಲ್ಲಿ ಹಡಗಿನ ಸುದ್ದಿ ಏತಕ್ಕೆ ಎಂದು ಕೆಲವರು ಕೇಳಬಹುದು. ನೀವು ಜೋಳಕ್ಕೆ, ಭತ್ತಕ್ಕೆ, ಅಡಿಕೆಗೆ ಹಾಕುವ ಪೊಟ್ಯಾಷ್ ಗೊಬ್ಬರ ಹೆಚ್ಚುಕಡಿಮೆ ಎಲ್ಲವೂ ಹೊರದೇಶದ ನೆಲದಿಂದ ಅಗೆದು ಹಡಗಿನಲ್ಲಿ ತಂದದ್ದು. ನಿಮ್ಮ ಟ್ರ್ಯಾಕ್ಟರು ಕುಡಿಯುವ ಡೀಸೆಲಿನ ಮೂಲ ತೈಲವೂ ಬಹುಪಾಲು ಹಡಗಿನಲ್ಲೇ ಬಂದದ್ದು. ಹಡಗು ನಿಂತರೆ ಶಿಕಾರಿಪುರದ ಗೊಬ್ಬರದಂಗಡಿಯ ಬಾಗಿಲೂ ಮುಚ್ಚುತ್ತದೆ. ಎರಡನೆಯದಾಗಿ, ಐ.ಟಿ.ಐ. ಓದಿದ ನಮ್ಮ ಹುಡುಗರು ಈಗ ಹಡಗಿನ ಕೆಲಸವನ್ನು ಹುಡುಕಿಕೊಂಡು ಹೊರಟಿದ್ದಾರೆ. ಡಾಲರ್ ಸಂಬಳ ಎಂಬ ಮಾತು ಹಳ್ಳಿಗೂ ಬಂದಿದೆ. ಒಂದೆಕರೆ ಗದ್ದೆ ಅಡವಿಟ್ಟು ಏಜೆಂಟನ ಕೈಗೆ ಹಣ ಕೊಡುವ ತಂದೆಯರನ್ನು ನಾವು ಕಂಡಿದ್ದೇವೆ. ಅಂಥ ತಂದೆಗೆ, ಅಂಥ ಮಗನಿಗೆ ಈ ಮಾತು.

ನಮ್ಮ ವಿಷಯ ಸ್ವಲ್ಪ ಹೇಳಬೇಕು. ನಾವು ಈ ಸೀಮೆಯವರೇ. ಫಿಟ್ಟರ್ ಕೆಲಸ ಕಲಿತು ಭದ್ರಾವತಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೈ ಪಳಗಿಸಿಕೊಂಡು, ಮುಂಬಯಿಗೆ ಹೋಗಿ, ಹಡಗು ಹತ್ತಿದೆವು. ಇಪ್ಪತ್ತಕ್ಕೂ ಹೆಚ್ಚು ವರ್ಷ ಎಂಜಿನ್ ಕೋಣೆಯ ಫಿಟ್ಟರ್ ಆಗಿ ದುಡಿದೆವು. ಮಾತಿನಲ್ಲಿ ‘ನಾನು’ ಎನ್ನದೆ ‘ನಾವು’ ಎನ್ನುತ್ತಿದ್ದೇವೆಂದು ತಪ್ಪು ತಿಳಿಯಬೇಡಿ. ದೊಡ್ಡಸ್ತಿಕೆಗಾಗಿ ಹೇಳುವ ಮಾತಲ್ಲ ಅದು. ಎಂಜಿನ್ ಕೋಣೆಯಲ್ಲಿ ಒಬ್ಬನೇ ಮಾಡುವ ಕೆಲಸ ಎಂಬುದೇ ಇಲ್ಲ. ಒಬ್ಬ ಹಿಡಿಯಬೇಕು, ಒಬ್ಬ ತಿರುಗಿಸಬೇಕು, ಒಬ್ಬ ಬೆಳಕು ತೋರಿಸಬೇಕು. ಅಲ್ಲಿ ಕಲಿತ ಮಾತು ನಾಲಿಗೆಯ ಮೇಲೆ ಉಳಿದುಕೊಂಡಿದೆ.

ಈಗ ಕೆಲಸ ಎಂಥದು ಎಂಬುದನ್ನು ಕೇಳಿ. ನೀವೆಲ್ಲ ಪಂಪ್‌ಸೆಟ್ ಕಂಡವರು. ಐದು ಅಶ್ವಶಕ್ತಿಯ ಪಂಪಿನ ಗ್ಲ್ಯಾಂಡ್ ಸೋರಿದರೆ ಗ್ರೀಸು ಹಚ್ಚಿದ ಹುರಿ ಸುತ್ತಿ ಬಿಗಿ ಮಾಡುತ್ತೀರಿ. ಹಡಗಿನಲ್ಲಿ ಅಂಥ ಪಂಪುಗಳು ಹತ್ತಾರು: ಸಮುದ್ರದ ನೀರಿಗೆ, ಸಿಹಿನೀರಿಗೆ, ಎಣ್ಣೆಗೆ, ಬೆಂಕಿ ಆರಿಸುವುದಕ್ಕೆ, ತಳದಲ್ಲಿ ಸೇರಿದ ಕೊಳಕು ನೀರಿಗೆ. ಅವುಗಳ ನಡುವೆ ಮುಖ್ಯ ಎಂಜಿನ್ನು. ದೊಡ್ಡ ಹಡಗಿನಲ್ಲಿ ಅದು ಮೂರು ಮಹಡಿಯ ಮನೆಯಷ್ಟು ಎತ್ತರ. ಅದರ ಒಂದು ಸಿಲಿಂಡರಿನ ಒಳಗೆ ಇಳಿದು ಮನುಷ್ಯ ಕುಳಿತು ಕೆಲಸ ಮಾಡಬಹುದು, ನಾವು ಮಾಡಿದ್ದೇವೆ. ಅದು ಸುಡುವ ಎಣ್ಣೆ ಡೀಸೆಲಿನ ಹಾಗೆ ತೆಳ್ಳಗಿಲ್ಲ, ಡಾಂಬರಿನ ತಮ್ಮ. ತಣ್ಣಗಿದ್ದರೆ ಹರಿಯುವುದೇ ಇಲ್ಲ. ಕಾಯಿಸಿ, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ನೀರನ್ನೂ ಮಣ್ಣನ್ನೂ ಬೇರ್ಪಡಿಸಿ, ಆಮೇಲೆ ಸುಮಾರು 130 ಡಿಗ್ರಿಯವರೆಗೆ ಕಾಯಿಸಿ ಎಂಜಿನ್ನಿಗೆ ಉಣಿಸಬೇಕು.

ಆದ್ದರಿಂದ ಎಂಜಿನ್ ಕೋಣೆ ಎಂದರೆ ಕಾದ ಎಣ್ಣೆ, ಕಾದ ಹಬೆ, ಕಾದ ಹೊಗೆಯ ಕೊಳವೆಗಳ ಕಾಡು. ಪರ್ಷಿಯನ್ ಕೊಲ್ಲಿಯ ಬೇಸಿಗೆಯಲ್ಲಿ ಒಳಗಿನ ಶಾಖ 45 ಡಿಗ್ರಿ ದಾಟುತ್ತದೆ. ಸದ್ದು ಎಷ್ಟೆಂದರೆ ಪಕ್ಕದಲ್ಲಿ ನಿಂತವನಿಗೂ ಕೈಸನ್ನೆಯಲ್ಲೇ ಹೇಳಬೇಕು. ಕಾಲ ಕೆಳಗೆ ಕಬ್ಬಿಣದ ಜಾಲರಿ, ಅದರ ಮೇಲೆ ಎಣ್ಣೆಯ ಪಸೆ. ಹಡಗು ಹೊರಳಿದರೆ ಎಲ್ಲವೂ ಹೊರಳುತ್ತದೆ. ಇಷ್ಟರ ನಡುವೆ ಕೊಳವೆ ಒಡೆದರೆ ಬೆಸುಗೆ ಹಾಕುವವನು ಫಿಟ್ಟರ್. ಬೋಲ್ಟು ಮುರಿದು ಒಳಗೇ ಉಳಿದರೆ ಕೊರೆದು ತೆಗೆಯುವವನು ಅವನೇ. ಬಿಡಿಭಾಗ ಇಲ್ಲದಿದ್ದರೆ ಲೇತಿನಲ್ಲಿ ಕಡೆದು ಮಾಡುವವನೂ ಅವನೇ. ನಡುಸಮುದ್ರದಲ್ಲಿ ಅಂಗಡಿ ಇಲ್ಲ. ಇಂಜಿನಿಯರ್ ಸಾಹೇಬರು ರೋಗ ಯಾವುದೆಂದು ಹೇಳುತ್ತಾರೆ. ಶಸ್ತ್ರಚಿಕಿತ್ಸೆ ನಮ್ಮ ಕೈಯದು.

ಭಾರತೀಯ ಸಿಬ್ಬಂದಿ ಇರುವ ಹಡಗಿನಲ್ಲಿ ಚೀಫ್ ಇಂಜಿನಿಯರನ್ನು ‘ಬಡಾ ಸಾಬ್’ ಎನ್ನುತ್ತಾರೆ. ಅವರ ಕೆಳಗಿನವರು ‘ಸೆಕೆಂಡ್ ಸಾಬ್’. ಫಿಟ್ಟರನ್ನು ‘ಮಿಸ್ತ್ರಿ’ ಎನ್ನುತ್ತಾರೆ. ಎಣ್ಣೆ ಹಾಕುವವನು ‘ತೇಲ್‌ವಾಲಾ’. ಹಿಂದೆ ಕಲ್ಲಿದ್ದಲಿನ ಕಾಲದಲ್ಲಿ ಬಾಯ್ಲರಿಗೆ ಬೆಂಕಿ ಉಣಿಸುವವನು ‘ಆಗ್‌ವಾಲಾ’. ಈ ಹೆಸರುಗಳು ಬಹಳ ಹಳೆಯವು. ಅವುಗಳ ಹಿಂದೆ ಒಂದು ಚರಿತ್ರೆಯಿದೆ. ಅದನ್ನು ಶಾಲೆಯ ಪುಸ್ತಕದಲ್ಲಿ ನಾವು ಓದಲಿಲ್ಲ, ಹಡಗಿನ ಹಳಬರ ಬಾಯಲ್ಲಿ ಕೇಳಿದೆವು, ಆಮೇಲೆ ಹುಡುಕಿ ಓದಿಕೊಂಡೆವು.

ಬ್ರಿಟಿಷರ ಹಡಗುಗಳ ಹೊಟ್ಟೆಯಲ್ಲಿ ಕಲ್ಲಿದ್ದಲು ಎತ್ತಿಹಾಕಿದವರಲ್ಲಿ ಸಾವಿರಾರು ಜನ ನಮ್ಮವರು. ಪಂಜಾಬಿನವರು, ಪಠಾಣರು, ಸಿಲ್ಹೆಟ್ಟಿನ ಬಡ ರೈತರ ಮಕ್ಕಳು. ಇವರನ್ನು ‘ಲಸ್ಕರ್’ ಎಂದು ಕರೆಯುತ್ತಿದ್ದರು. ಬಿಳಿಯ ನಾವಿಕನಿಗೆ ಕೊಡುತ್ತಿದ್ದ ಸಂಬಳದ ಮೂರನೆಯ ಒಂದು ಪಾಲು, ಕೆಲವೆಡೆ ಅದಕ್ಕೂ ಕಡಿಮೆ, ಇವರಿಗೆ ಸಿಗುತ್ತಿತ್ತು. ಮಲಗುವ ಜಾಗವನ್ನು ಕೂಡ ಕಾನೂನೇ ಇವರಿಗೆ ಕಡಿಮೆ ಅಳೆದು ಕೊಟ್ಟಿತ್ತು. ಕರಿಯ ಮನುಷ್ಯ ಶಾಖ ತಡೆಯುತ್ತಾನೆ, ಕಡಿಮೆ ಉಣ್ಣುತ್ತಾನೆ, ಕಡಿಮೆ ಜಾಗದಲ್ಲಿ ಮಲಗುತ್ತಾನೆ ಎಂಬುದು ಮಾಲಿಕರ ಶಾಸ್ತ್ರ. ನಮ್ಮ ದೇಶದ ಜಾತಿಯ ಶಾಸ್ತ್ರಕ್ಕೂ ಇದಕ್ಕೂ ಎಷ್ಟು ಹತ್ತಿರದ ನೆಂಟಸ್ತಿಕೆ ನೋಡಿ! ಕೆಳಗಿರುವವನು ಕೆಳಗೇ ಹುಟ್ಟಿದವನು ಎಂದರಾಯಿತು, ಮೇಲಿನವನ ನಿದ್ದೆಗೆ ಭಂಗವಿಲ್ಲ.

1939ರಲ್ಲಿ ಎರಡನೆಯ ಮಹಾಯುದ್ಧ ಶುರುವಾದಾಗ ಈ ಲಸ್ಕರುಗಳು ಬ್ರಿಟನ್ನಿನ ಬಂದರುಗಳಲ್ಲಿ ಮುಷ್ಕರ ಹೂಡಿದರು. ಸಾವು ಎಲ್ಲರಿಗೂ ಒಂದೇ, ಸಂಬಳ ಮಾತ್ರ ಏಕೆ ಬೇರೆ ಎಂದು ಕೇಳಿದರು. ಹಲವರು ಜೈಲಿಗೆ ಹೋದರು, ಸಂಬಳ ಹೆಚ್ಚಿತು. ಆ ಯುದ್ಧದಲ್ಲಿ ವ್ಯಾಪಾರದ ಹಡಗುಗಳಲ್ಲಿ ದುಡಿಯುತ್ತ ಸತ್ತ ಭಾರತದ ನಾವಿಕರು ಆರು ಸಾವಿರಕ್ಕೂ ಹೆಚ್ಚು. ಟಾರ್ಪೆಡೊ ಬಂದು ಬಡಿಯುವುದು ನೀರಿನ ಮಟ್ಟದ ಕೆಳಗೆ. ನೀರಿನ ಮಟ್ಟದ ಕೆಳಗೆ ಇರುವವರು ಯಾರು? ಎಂಜಿನ್ ಕೋಣೆಯವರು. ಮೇಲೆ ಬರಲು ಅವರಿಗೆ ಉದ್ದದ ಕಬ್ಬಿಣದ ಏಣಿ, ಮೊದಲು ನುಗ್ಗುವುದು ನೀರು. 1912ರಲ್ಲಿ ಟೈಟಾನಿಕ್ ಮುಳುಗಿದ ಕಥೆ ನಿಮಗೆ ಗೊತ್ತು. ಆ ಹಡಗಿನ ಇಂಜಿನಿಯರುಗಳಲ್ಲಿ ಒಬ್ಬನೂ ಬದುಕಿ ಬರಲಿಲ್ಲ. ಕೊನೆಯವರೆಗೆ ಪಂಪು ನಡೆಸಿ, ದೀಪ ಉರಿಸಿ, ಮೇಲಿನವರು ದೋಣಿ ಹತ್ತುವುದಕ್ಕೆ ಬೆಳಕು ಕೊಟ್ಟವರು ಅವರು. ಸಿನಿಮಾದಲ್ಲಿ ನಾವು ನೋಡಿದ್ದು ಮೇಲಿನ ಪ್ರೇಮಕಥೆ.

1942ರಲ್ಲಿ ಈಸೂರಿನವರು ಎದ್ದು ನಿಂತ ಕಾಲಕ್ಕೆ ಅಟ್ಲಾಂಟಿಕ್ ಸಾಗರದಲ್ಲಿ ನಮ್ಮ ಆಗ್‌ವಾಲಾಗಳು ಯಾರದೋ ಯುದ್ಧಕ್ಕಾಗಿ ಮುಳುಗುತ್ತಿದ್ದರು. ಇವರ ಹೆಸರು ಅವರಿಗೆ ಗೊತ್ತಿರಲಿಲ್ಲ, ಅವರ ಹೆಸರು ಇವರಿಗೆ ಗೊತ್ತಿರಲಿಲ್ಲ. ಮೇಲೆ ಕುಳಿತಿದ್ದ ದೊರೆ ಮಾತ್ರ ಒಬ್ಬನೇ.

ಮೂರೂವರೆ ವರ್ಷದ ತರುವಾಯ ಆ ಎರಡು ನೋವೂ ಒಂದೇ ಕಡೆ ಸೇರಿತು. 1946ರ ಫೆಬ್ರವರಿ 18ರಂದು ಮುಂಬಯಿಯಲ್ಲಿ ‘ತಲ್ವಾರ್’ ಎಂಬ ನೌಕಾಪಡೆಯ ತರಬೇತಿ ನೆಲೆಯ ನಾವಿಕರು ಊಟ ಬಿಟ್ಟು ಕೆಲಸ ನಿಲ್ಲಿಸಿದರು. ತಿನ್ನಲಾಗದ ಅನ್ನ, ಸಹಿಸಲಾಗದ ಬೈಗುಳ, ಇವೇ ಮೊದಲ ಕಾರಣ. ಎರಡು ದಿನದಲ್ಲಿ ಅದು ಕರಾಚಿ, ಮದ್ರಾಸು, ಕಲ್ಕತ್ತೆಗಳಿಗೆ ಹಬ್ಬಿ ಸುಮಾರು 20,000 ನಾವಿಕರನ್ನು, 70ಕ್ಕೂ ಹೆಚ್ಚು ಹಡಗುಗಳನ್ನು ಒಳಗೊಂಡಿತು. ಅವರಲ್ಲಿ ತಂತಿ ಕಳಿಸುವವರಿದ್ದರು, ಅಡಿಗೆಯವರಿದ್ದರು, ಎಂಜಿನ್ ಕೋಣೆಯ ಸ್ಟೋಕರರೂ ಇದ್ದರು. ಅವರು ಬ್ರಿಟಿಷ್ ಧ್ವಜವನ್ನು ಇಳಿಸಿ ಕಾಂಗ್ರೆಸ್ಸಿನ, ಲೀಗಿನ, ಕೆಂಪು ಬಾವುಟಗಳನ್ನು ಒಟ್ಟಿಗೆ ಏರಿಸಿದರು. ದೊಡ್ಡ ನಾಯಕರಲ್ಲಿ ಹೆಚ್ಚಿನವರು ಶರಣಾಗಿ ಎಂದರು. ಸಮಾಜವಾದಿ ಅರುಣಾ ಆಸಫ್ ಆಲಿಯವರು ಅವರ ಪಕ್ಷ ವಹಿಸಿದರು. ಅವರ ಬೆಂಬಲಕ್ಕೆ ಬೀದಿಗಿಳಿದ ಮುಂಬಯಿಯ ಗಿರಣಿ ಕಾರ್ಮಿಕರ ಮೇಲೆ ಗುಂಡು ಹಾರಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಫೆಬ್ರವರಿ 23ಕ್ಕೆ ನಾವಿಕರು ಶರಣಾದರು. ಆದರೆ ಹಡಗಿನ ಕೆಳಮನೆಯವನು ‘ಆಗದು’ ಎಂದರೆ ಸಾಮ್ರಾಜ್ಯ ನಿಲ್ಲುವುದಿಲ್ಲ ಎಂಬುದು ಲಂಡನ್ನಿಗೆ ಅರ್ಥವಾಯಿತು.

ಬಂಧುಗಳೇ, ಚರಿತ್ರೆ ಹೇಳಿ ನಮ್ಮ ಬೆನ್ನು ತಟ್ಟಿಕೊಳ್ಳುವುದಕ್ಕೆ ಇಲ್ಲಿ ಬಂದಿಲ್ಲ. ನಾವು ‘ಆಗದು’ ಎನ್ನಬೇಕಾದ ದಿನ ‘ಆಗಲಿ ಸಾಬ್’ ಎಂದೆವು. ಅದನ್ನು ಹೇಳದೆ ಹೋದರೆ ಈ ಭಾಷಣ ಸುಳ್ಳಾಗುತ್ತದೆ.

2011ನೇ ಇಸವಿ. ಹಳೆಯ ಸರಕು ಹಡಗು. ಮೂರು ಜನರೇಟರುಗಳಲ್ಲಿ ಒಂದನ್ನು ಬಿಚ್ಚಿ ಹಾಕಿತ್ತು, ಒಂದಕ್ಕೆ ಭರವಸೆಯಿರಲಿಲ್ಲ, ಮೂರನೆಯದು ಎಲ್ಲ ಭಾರವನ್ನೂ ಹೊತ್ತಿತ್ತು. ಆ ಮೂರನೆಯದರ ಎಣ್ಣೆ ವಾಪಸು ಬರುವ ಕೊಳವೆಯಲ್ಲಿ ಅದುರಿಕೆಯಿಂದ ಕೂದಲೆಳೆಯಷ್ಟು ಬಿರುಕು ಬಂತು. ಎಣ್ಣೆ ತೊಟ್ಟಿಕ್ಕತೊಡಗಿತು. ಅಲ್ಲಿಂದ ಒಂದು ಮೊಳ ದೂರದಲ್ಲಿ ಹೊಗೆಯ ಕೊಳವೆ, ಅದರ ಮೇಲಿನ ಶಾಖ ತಡೆಯುವ ಹೊದಿಕೆ ಹರಿದುಹೋಗಿತ್ತು. ಸರಿಯಾದ ಕೆಲಸವೆಂದರೆ ಜನರೇಟರ್ ನಿಲ್ಲಿಸಿ, ಕೊಳವೆ ಬಿಚ್ಚಿ, ಎಣ್ಣೆ ತೊಳೆದು, ಬೆಸುಗೆ ಹಾಕಿ, ಒತ್ತಡ ಕೊಟ್ಟು ಪರೀಕ್ಷಿಸಿ, ಮತ್ತೆ ಕೂರಿಸುವುದು. ಹೊದಿಕೆಯನ್ನೂ ಹೊಸದಾಗಿ ಸುತ್ತುವುದು. ಅರ್ಧ ದಿನ ಬೇಕು. ಅರ್ಧ ದಿನ ಹಡಗು ನಿಂತರೆ ಬಂದರಿನ ಸರದಿ ತಪ್ಪುತ್ತದೆ, ಮಾಲಿಕನಿಗೆ ಸಾವಿರಾರು ಡಾಲರ್ ನಷ್ಟ.

ರಬ್ಬರ್ ಸುತ್ತಿ ಪಟ್ಟಿ ಬಿಗಿಯಲು ನಮಗೆ ಅಪ್ಪಣೆಯಾಯಿತು. ಅದು ನಿಲ್ಲದು ಎಂದು ಕೈಗೆ ಗೊತ್ತಿತ್ತು. ರಬ್ಬರನ್ನು ಬಿಸಿ ಎಣ್ಣೆ ತಿನ್ನುತ್ತದೆ. ಇದನ್ನು ಕಲಿಯುವುದಕ್ಕೆ ಐ.ಟಿ.ಐ. ಕೂಡ ಬೇಡ, ಪಂಪ್‌ಸೆಟ್ ಇಟ್ಟ ರೈತನಿಗೂ ಗೊತ್ತು. ಒಂದು ಸಾರಿ ಹೇಳಿ ನೋಡಿದೆವು. “ಮಿಸ್ತ್ರಿ, ಮುಂದಿನ ಕಾಂಟ್ರಾಕ್ಟ್ ಬೇಕೋ ಬೇಡವೋ?” ಎಂಬ ಮಾತು ಬಂತು. ಊರಿನಲ್ಲಿ ತಂಗಿಯ ಮದುವೆಯ ಸಾಲವಿತ್ತು. “ಆಗಲಿ ಸಾಬ್” ಎಂದೆವು. ಪಟ್ಟಿಯನ್ನು ಚೆನ್ನಾಗಿಯೇ ಬಿಗಿದೆವು.

ಮೂರನೆಯ ರಾತ್ರಿ ಎರಡು ಗಂಟೆಗೆ ಪಟ್ಟಿ ಜಾರಿತು. ಎಣ್ಣೆ ಮಂಜಿನ ಹಾಗೆ ಚಿಮ್ಮಿ ಕಾದ ಕೊಳವೆಯ ಮೇಲೆ ಬಿದ್ದು ಭಗ್ಗನೆ ಹತ್ತಿಕೊಂಡಿತು. ಪಹರೆಯಲ್ಲಿದ್ದವನು ರತ್ನಾಗಿರಿ ಕಡೆಯ ಇಪ್ಪತ್ತನಾಲ್ಕು ವರ್ಷದ ತೇಲ್‌ವಾಲಾ. ಓಡಿಹೋಗಬಹುದಿತ್ತು. ಓಡದೆ ಎಣ್ಣೆಯ ವಾಲ್ವನ್ನು ಕೈಯಿಂದ ತಿರುಗಿಸಿ ಮುಚ್ಚಿದ. ಬೆಂಕಿ ಆರಿತು, ಇಪ್ಪತ್ತೆರಡು ಜನರ ಜೀವ ಉಳಿಯಿತು. ಅವನ ಎರಡು ಕೈಯೂ ಮೊಣಕೈವರೆಗೆ ಬೆಂದುಹೋಯಿತು. ಕಾರಣ ವಿಚಾರಿಸಿ ಬರೆದ ಕಾಗದದಲ್ಲಿ ಸಿಬ್ಬಂದಿಯ ಅಜಾಗರೂಕತೆ ಎಂದಿತ್ತು. ಅಪ್ಪಣೆಯ ಮಾತು ಅದರಲ್ಲಿರಲಿಲ್ಲ. ನಾವು ಅದಕ್ಕೆ ರುಜು ಹಾಕಿದೆವು. ಹೌದು, ನಾವೇ ಹಾಕಿದೆವು.

ಆಮೇಲೆ ಆದದ್ದು ಇನ್ನೊಂದು ಪಾಠ. ಹಡಗನ್ನು ಪರದೇಶದ ಒಂದು ಬಂದರಿನ ಹೊರಗೆ ಲಂಗರು ಹಾಕಿಸಿದರು. ಮಾಲಿಕ ಸಂಬಳ ನಿಲ್ಲಿಸಿದ. ಒಂದು ತಿಂಗಳು, ಎರಡು ತಿಂಗಳು, ಏಳು ತಿಂಗಳು. ಅಕ್ಕಿ ಮುಗಿಯುತ್ತ ಬಂತು, ಸಿಹಿನೀರು ಅಳತೆಯಲ್ಲಿ. ನಾವು ಮುರಿದ ಪಂಪಿನಿಂದ ಒಂದು ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕಿ, ದಿನಕ್ಕೆ ಮೂರು ಗಂಟೆ ಮಾತ್ರ ಜನರೇಟರ್ ನಡೆಸಿ ದೀಪ ಉಳಿಸಿಕೊಂಡೆವು. ಯಾರನ್ನು ಕೇಳುವುದು? ಮಾಲಿಕ ಒಂದು ದೇಶದಲ್ಲಿ, ಹಡಗು ನೋಡಿಕೊಳ್ಳುವ ಕಂಪನಿ ಇನ್ನೊಂದು ದೇಶದಲ್ಲಿ, ನಮ್ಮನ್ನು ಕಳಿಸಿದ ಏಜೆಂಟ್ ಮುಂಬಯಿಯ ಒಂದು ಕೋಣೆಯಲ್ಲಿ. ಆ ಕೋಣೆಗೆ ಈಗ ಬೀಗ. ಹಡಗಿನ ಹಿಂಭಾಗದಲ್ಲಿ ಹಾರುತ್ತಿದ್ದ ಧ್ವಜವೋ, ನಮ್ಮಲ್ಲಿ ಒಬ್ಬನೂ ಕಾಲಿಡದ, ಮಾಲಿಕನೂ ಬಹುಶಃ ಕಾಣದ ನಾಲ್ಕನೆಯ ದೇಶದ್ದು. ಕೊನೆಗೆ ಆ ಬಂದರಿನ ಕಾರ್ಮಿಕ ಸಂಘದವರು ದೋಣಿಯಲ್ಲಿ ಅಕ್ಕಿ ತಂದುಕೊಟ್ಟು, ಕೋರ್ಟಿಗೆ ಹೋಗಿ, ಹಡಗನ್ನು ಹರಾಜು ಹಾಕಿಸಿ, ನಮ್ಮನ್ನು ಊರಿಗೆ ಕಳಿಸಿದರು. ಏಳು ತಿಂಗಳ ಸಂಬಳದಲ್ಲಿ ಕೈಗೆ ಬಂದದ್ದು ಮೂರು ತಿಂಗಳದು. ನಮ್ಮ ಭಾಷೆ ಬಾರದ, ನಮ್ಮ ಮುಖ ಕಾಣದ ಕಾರ್ಮಿಕರು ಅವರು. ಅವರಿಗೆ ಕೈಮುಗಿಯದೆ ನಾವು ಈ ಕಥೆಯನ್ನು ಎಂದೂ ಹೇಳುವುದಿಲ್ಲ.

ಆ ಧ್ವಜದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಡಗಿಗೆ ಯಾವ ದೇಶದ ಧ್ವಜವೋ ಆ ದೇಶದ ಕಾನೂನು. ಆದ್ದರಿಂದ ಬಂಡವಾಳಗಾರರು ಒಂದು ಉಪಾಯ ಕಂಡುಕೊಂಡರು. ತೆರಿಗೆ ಕಡಿಮೆ, ವಿಚಾರಣೆ ಕಡಿಮೆ ಇರುವ ದೇಶದಲ್ಲಿ ಹಣ ಕಟ್ಟಿ ಹಡಗನ್ನು ನೋಂದಾಯಿಸುವುದು. ಪನಾಮಾ, ಲೈಬೀರಿಯಾ, ಮಾರ್ಷಲ್ ದ್ವೀಪಗಳು: ಜಗತ್ತಿನ ಹಡಗುಗಳ ಬಹು ದೊಡ್ಡ ಪಾಲು ಈ ಮೂರು ಧ್ವಜಗಳ ಕೆಳಗಿದೆ. ಇದನ್ನು ‘ಅನುಕೂಲದ ಧ್ವಜ’ ಎನ್ನುತ್ತಾರೆ. ಯಾರ ಅನುಕೂಲ? ದುಡಿಯುವವನದಲ್ಲ. ಅಂತಾರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟವು 1948ರಿಂದಲೂ ಇದರ ವಿರುದ್ಧ ಹೋರಾಡುತ್ತ ಬಂದಿದೆ. ಅದೇ ಒಕ್ಕೂಟದ ಲೆಕ್ಕದಂತೆ 2024ರಲ್ಲಿ ಮಾಲಿಕರು ನಡುನೀರಿನಲ್ಲಿ ಕೈಬಿಟ್ಟ ಹಡಗುಗಳು 300ಕ್ಕೂ ಹೆಚ್ಚು, ನಾವಿಕರು 3,000ಕ್ಕೂ ಹೆಚ್ಚು. ಅವರಲ್ಲಿ ಎಲ್ಲರಿಗಿಂತ ಹೆಚ್ಚು ಜನ ಯಾವ ದೇಶದವರು? ಭಾರತದವರು.

ಇನ್ನೊಂದು ಘಟನೆ ಹೇಳುತ್ತೇವೆ. 2024ರ ಮಾರ್ಚ್ 26ರ ನಡುರಾತ್ರಿ ಅಮೆರಿಕದ ಬಾಲ್ಟಿಮೋರಿನಲ್ಲಿ ‘ಡಾಲಿ’ ಎಂಬ ಹಡಗು ಸೇತುವೆಗೆ ಬಡಿದು ಸೇತುವೆ ಕುಸಿಯಿತು. ಆ ಹಡಗಿನ 21 ಜನರಲ್ಲಿ 20 ಮಂದಿ ಭಾರತೀಯರು. ಅಂದು ಪೇಟೆಯವರು ನಮ್ಮ ಹುಡುಗರನ್ನು ಗೇಲಿ ಮಾಡಿ ಚಿತ್ರ ಬರೆದರು. ಅಮೆರಿಕದ ತನಿಖಾ ಮಂಡಳಿ ತಿಂಗಳುಗಟ್ಟಲೆ ಹುಡುಕಿ 2025ರ ನವೆಂಬರಿನಲ್ಲಿ ಹೇಳಿತು: ಮೊದಲು ವಿದ್ಯುತ್ ಹೋದದ್ದು ಸರಿಯಾಗಿ ಕೂರದ ಒಂದೇ ಒಂದು ತಂತಿಯಿಂದ, ಗುರುತಿಗೆ ಹಾಕಿದ್ದ ಪಟ್ಟಿ ಅಡ್ಡ ಬಂದು ತಂತಿ ತನ್ನ ಜಾಗದಲ್ಲಿ ಪೂರ್ತಿ ಕೂತಿರಲಿಲ್ಲ. ಒಂದು ಸಡಿಲ ತಂತಿ, ಒಂದು ಸೇತುವೆ! ಸತ್ತವರು ಆರು ಮಂದಿ. ಅವರು ಯಾರು ಗೊತ್ತೇ? ಆ ಹೊತ್ತಿನಲ್ಲಿ ಸೇತುವೆಯ ಮೇಲೆ ರಸ್ತೆಯ ಗುಂಡಿ ಮುಚ್ಚುತ್ತಿದ್ದ ಕೂಲಿಗಳು, ಹೊಟ್ಟೆಪಾಡಿಗೆ ಬೇರೆ ದೇಶದಿಂದ ಬಂದವರು. ಕೆಳಗೆ ಎಂಜಿನ್ ಕೋಣೆಯಲ್ಲೂ ರಿಪೇರಿಯವರು, ಮೇಲೆ ಸೇತುವೆಯ ಮೇಲೂ ರಿಪೇರಿಯವರು. ರಿಪೇರಿಯ ಕೆಲಸವನ್ನು ಸಣ್ಣದೆನ್ನುವವರು ಇದನ್ನು ನೆನಪಿಡಲಿ. ಲೋಕವನ್ನು ಕಟ್ಟಿದವರ ಹೆಸರು ಕಲ್ಲಿನ ಮೇಲಿರುತ್ತದೆ. ಲೋಕ ಕುಸಿಯದಂತೆ ದಿನವೂ ಬಿಗಿಯುವವರ ಹೆಸರು ಹಾಜರಿ ಪುಸ್ತಕದಲ್ಲೂ ನೆಟ್ಟಗಿರುವುದಿಲ್ಲ.

ಹಾಗಾದರೆ ಹಡಗಿಗೆ ಹೋಗಬೇಡಿ ಎನ್ನುತ್ತೇವೆಯೇ? ಇಲ್ಲ. ಖಂಡಿತ ಹೋಗಿ. ಅದು ಗೌರವದ ಕೆಲಸ, ಕೈಗೂ ತಲೆಗೂ ಸಮನಾಗಿ ಬುದ್ಧಿ ಕಲಿಸುವ ಕೆಲಸ. ಮಂಗಳೂರು ಬಂದರು, ಕಾರವಾರದ ನೌಕಾನೆಲೆ, ಮಲ್ಪೆಯ ಹಡಗು ಕಟ್ಟುವ ಕಾರ್ಖಾನೆ ನಮ್ಮ ರಾಜ್ಯದಲ್ಲೇ ಇವೆ. ಘಟ್ಟ ಇಳಿದರೆ ಸಮುದ್ರ. ಆದರೆ ಕಣ್ಣು ತೆರೆದು ಹೋಗಿ.

ಮೊದಲನೆಯದು. ಕೆಲಸ ಕೊಡಿಸುವುದಕ್ಕೆಂದು ನಾವಿಕನಿಂದ ಹಣ ಪಡೆಯುವುದು ಕಾನೂನಿಗೆ ವಿರುದ್ಧ. ಪಾಸ್‌ಪೋರ್ಟು, ನಾವಿಕರ ಪುಸ್ತಕ, ವೈದ್ಯರ ಸರ್ಟಿಫಿಕೇಟು, ಇಂಥವುಗಳ ಖರ್ಚು ನಿಮ್ಮದು; ಕೆಲಸದ ಬೆಲೆ ನಿಮ್ಮದಲ್ಲ. ಲಕ್ಷ ಕೇಳುವ ಏಜೆಂಟ್ ಏಜೆಂಟನಲ್ಲ. ಪರವಾನಗಿ ಪಡೆದ ಸಂಸ್ಥೆಗಳ ಪಟ್ಟಿಯನ್ನು ಮುಂಬಯಿಯಲ್ಲಿರುವ ಕೇಂದ್ರ ಸರ್ಕಾರದ ನೌಕಾಯಾನ ಮಹಾನಿರ್ದೇಶನಾಲಯ ಪ್ರಕಟಿಸುತ್ತದೆ. ಗದ್ದೆ ಅಡವಿಡುವ ಮೊದಲು ಆ ಪಟ್ಟಿ ನೋಡಿ.

ಎರಡನೆಯದು. ಜಗತ್ತಿನ ನಾವಿಕರಿಗೆಲ್ಲ ಹಕ್ಕುಪತ್ರದಂತಿರುವ ಒಂದು ಒಪ್ಪಂದವಿದೆ. 2006ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಅದನ್ನು ಅಂಗೀಕರಿಸಿತು, 2013ರಲ್ಲಿ ಜಾರಿಗೆ ಬಂತು, ಭಾರತ 2015ರಲ್ಲಿ ಒಪ್ಪಿಕೊಂಡಿತು. ಅದರ ಪ್ರಕಾರ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕು. ಎರಡು ತಿಂಗಳು ಸಂಬಳ ಕೊಡದಿದ್ದರೆ ಮಾಲಿಕ ಕೈಬಿಟ್ಟನೆಂದೇ ಲೆಕ್ಕ. ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ, ಊರಿಗೆ ಮರಳುವ ಖರ್ಚು ವಿಮೆಯಿಂದ ಸಿಗಬೇಕು. ಈ ವಿಮೆಯ ನಿಯಮ 2017ರಲ್ಲಿ ಜಾರಿಗೆ ಬಂದದ್ದು. 2011ರಲ್ಲಿ ನಮಗೆ ಅದಿರಲಿಲ್ಲ. ಆ ವಿಮೆಯ ಪತ್ರವನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿರಬೇಕು. ಹಡಗು ಹತ್ತಿದ ದಿನವೇ ಅದನ್ನು ಹುಡುಕಿ ಓದಿ, ಫೋಟೊ ತೆಗೆದು ಮನೆಗೆ ಕಳಿಸಿ.

ಮೂರನೆಯದು. ಸುರಕ್ಷತೆ ಇಲ್ಲದ ಕೆಲಸದ ಬಗ್ಗೆ ಹಡಗಿನಲ್ಲೇ ದೂರು ಕೊಡುವ ಹಕ್ಕಿದೆ. ಬಂದರಿನ ತಪಾಸಣಾಧಿಕಾರಿಗೆ ಹೇಳುವ ಹಕ್ಕಿದೆ. ಅವರು ಹಡಗನ್ನು ತಡೆದು ನಿಲ್ಲಿಸಬಲ್ಲರು. ದೂರು ಕೊಟ್ಟವನನ್ನು ಪೀಡಿಸುವಂತಿಲ್ಲ. ಕಾಗದದ ಮೇಲೆ ಇದೆಲ್ಲ ಇದೆ. ಆದರೆ ಒಬ್ಬಂಟಿ ಮನುಷ್ಯನ ಕೈಯಲ್ಲಿ ಕಾನೂನಿನ ಕಾಗದ ತೇವದ ಬೆಂಕಿಕಡ್ಡಿ ಇದ್ದಂತೆ, ಹತ್ತಿಕೊಳ್ಳುವುದಿಲ್ಲ. ಹಿಂದೆ ಸಂಘವಿರಬೇಕು. ಸಂಘದ ಸದಸ್ಯನಾಗದೆ ಹಡಗು ಹತ್ತಬೇಡಿ.

ಸರ್ಕಾರಕ್ಕೂ ಒಂದು ಮಾತು. 1958ರ ವಾಣಿಜ್ಯ ನೌಕಾಯಾನ ಕಾಯಿದೆಯ ಜಾಗಕ್ಕೆ 2025ರಲ್ಲಿ ಸಂಸತ್ತು ಹೊಸ ಕಾಯಿದೆ ಅಂಗೀಕರಿಸಿದೆ. ಹೊಸ ಕಾನೂನು ಹಡಗು ಕೊಳ್ಳುವವನಿಗೆ ದಾರಿ ಸುಗಮ ಮಾಡಿದರೆ ಸಾಲದು. ಕೈಬಿಟ್ಟ ಹಡಗಿನಲ್ಲಿರುವ ಫಿಟ್ಟರನ ಹೆಂಡತಿ ಶಿಕಾರಿಪುರದ ತಾಲ್ಲೂಕು ಕಛೇರಿಗೆ ಹೋಗಿ ಅರ್ಜಿ ಕೊಟ್ಟರೆ ಅದು ದೆಹಲಿ ತಲುಪುವ ದಾರಿ ಯಾವುದು? ಪ್ರತಿ ಜಿಲ್ಲೆಯಲ್ಲೂ ಅದಕ್ಕೊಬ್ಬ ಹೊಣೆಗಾರ ಅಧಿಕಾರಿ ಬೇಕು. ಐ.ಟಿ.ಐ.ಗಳಲ್ಲಿ ಬೆಸುಗೆ ಕಲಿಸುವಾಗಲೇ ಹಕ್ಕನ್ನೂ ಕಲಿಸಬೇಕು. ಇದು ನಮ್ಮ ಬೇಡಿಕೆ.

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇವೆ. 1942ರ ಸೆಪ್ಟೆಂಬರಿನಲ್ಲಿ ನಿಮ್ಮ ಅಜ್ಜ ಮುತ್ತಜ್ಜಂದಿರು ಈ ಊರಬಾಗಿಲಿಗೆ ಬೋರ್ಡು ಹಾಕಿದರು: ಜವಾಬ್ದಾರಿ ಇಲ್ಲದ ಸರ್ಕಾರದ ಅಧಿಕಾರಿಗಳು ಒಳಗೆ ಬರಕೂಡದು. ಚಿಕ್ಕ ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿದರು. ವೀರಭದ್ರ ದೇವರ ಗುಡಿಯ ಮೇಲೆ ತ್ರಿವರ್ಣ ಧ್ವಜ ಏರಿಸಿದರು. ಅದಕ್ಕಾಗಿ ಎರಡು ಕಡೆಯೂ ರಕ್ತ ಹರಿಯಿತು, ಮನೆಗಳು ಲೂಟಿಯಾದವು. 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ, ಈ ಐವರು ನೇಣಿಗೇರಿದರು. ಒಂದು ಧ್ವಜಕ್ಕೆ ಈ ಊರು ಕೊಟ್ಟ ಬೆಲೆ ಅದು.

ಅಂಥ ಊರಿನ ಮಗ ನಾಳೆ ಬಾಡಿಗೆ ಧ್ವಜದ ಕೆಳಗೆ ದುಡಿಯಲು ಹೋಗುತ್ತಾನೆ. ಧ್ವಜ ಎಂದರೆ ಬಟ್ಟೆಯಲ್ಲ, ಹೊಣೆ ಎಂಬುದನ್ನು ಅವನು ಈ ಊರಿನಿಂದಲೇ ಕಲಿತು ಹೋಗಲಿ. ಹೊಣೆ ಹೊರದ ಧ್ವಜ ಕಂಡಾಗ ‘ನಮ್ಮ ಹೊಣೆಗಾರ ಯಾರು?’ ಎಂದು ಕೇಳಲಿ. ಈ ಊರು ಕೇಳಿದ್ದೂ ಅದೇ ಪ್ರಶ್ನೆಯಲ್ಲವೇ?

ಕಳೆದ ವರ್ಷ ರತ್ನಾಗಿರಿ ಕಡೆ ಹೋಗಿ ಆ ತೇಲ್‌ವಾಲಾನನ್ನು ಕಂಡು ಬಂದೆವು. ಚಹದಂಗಡಿ ಇಟ್ಟಿದ್ದಾನೆ. ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಕೊಡುತ್ತಾನೆ; ಬೆರಳು ಮಡಿಚುವುದಿಲ್ಲ. ರುಜು ಹಾಕಿದ ವಿಷಯವನ್ನು ನಾವೇ ತೆಗೆದು ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಮಿಸ್ತ್ರಿ ಸಾಬ್, ನೀವು ಪಟ್ಟಿ ಚೆನ್ನಾಗಿಯೇ ಬಿಗಿದಿದ್ದಿರಿ. ಬಿಗಿಯಬಾರದ ಕಡೆ ಬಿಗಿದಿರಿ. ಅದನ್ನು ಹುಡುಗರಿಗೆ ಹೇಳಿ” ಎಂದ.

ಹೇಳಿದ್ದೇವೆ. ಫಿಟ್ಟರನ ಪೆಟ್ಟಿಗೆಯಲ್ಲಿ ಸುತ್ತಿಗೆ, ಅರ, ಸ್ಪ್ಯಾನರು ಎಲ್ಲ ಇರುತ್ತದೆ. ಅವುಗಳ ಜೊತೆಗೆ ‘ಇದು ನಿಲ್ಲದು, ನಾವು ಮಾಡುವುದಿಲ್ಲ’ ಎಂಬ ಮಾತನ್ನೂ ಇಟ್ಟುಕೊಂಡು ಹೋಗಿ. ಒಬ್ಬನ ಬಾಯಲ್ಲಿ ಅದು ಕೆಲಸ ಕಳೆಯುವ ಮಾತು. ಎಲ್ಲರ ಬಾಯಲ್ಲಿ ಅದು ಜೀವ ಉಳಿಸುವ ಮಾತು.